ಆಪರೇಷನ್ ಆದವರಿಗೆ ವಾಂತಿ ಸಹಜ ಅಲ್ಲ: ಬದಿಯಡ್ಕ ಕಡೆಯ ಒಂದು ಪ್ರಕರಣ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡ ಒಬ್ಬ ಮಹಿಳೆಗೆ ಏಳನೇ ವಾರದಲ್ಲಿ ಎಲ್ಲವೂ ಎರಡೆರಡಾಗಿ ಕಾಣತೊಡಗಿತು. ನಡೆಯುವಾಗ ಓಲಾಡುತ್ತಿದ್ದರು. ಬೆಳಿಗ್ಗೆ ಹೇಳಿದ ಮಾತು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಕತ್ತರಿ ಹಾಕಿದ್ದು ಹೊಟ್ಟೆಗೆ, ಪೆಟ್ಟು ಬಿದ್ದದ್ದು ಮಿದುಳಿಗೆ. ಹೀಗೆ ಹೇಗಾಯಿತು, ಎಲ್ಲಿ ತಡೆಯಬಹುದಿತ್ತು, ಅವರು ಹೇಗೆ ಚೇತರಿಸಿಕೊಂಡರು ಎನ್ನುವುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕ ಕಡೆ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಆ ಮಹಿಳೆ, ಅವರ ಮನೆಯವರು ಇಬ್ಬರೂ ಒಪ್ಪಿದ ಮೇಲೆ ಇದನ್ನು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ, ಅಂಗಡಿಯಲ್ಲೂ ನಾನು ಹಾಗೇ ಕರೆಯುವುದು.

ಯಾಕೆ ಆಪರೇಷನ್ ಬೇಕಾಯಿತು

ಅಕ್ಕನಿಗೆ ಆಗ 43 ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 104 ಕೆಜಿ. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 43ರ ಹತ್ತಿರ. ಹಲವು ವರ್ಷಗಳ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಮೆಟ್ಟಿಲು ಹತ್ತಲಾಗದ ಮಂಡಿ ನೋವು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರು. ಊಟ ಬಿಟ್ಟು ನೋಡಿದ್ದರು, ವಾಕಿಂಗ್ ಮಾಡಿದ್ದರು, ಪುಡಿ ಕಷಾಯ ಕುಡಿದಿದ್ದರು. ಐದು ಕೆಜಿ ಇಳಿದರೆ ಏಳು ಕೆಜಿ ಏರುತ್ತಿತ್ತು.

ಇಂಥವರಿಗೆ ಆಪರೇಷನ್ ಒಂದು ಐಷಾರಾಮ ಅಲ್ಲ, ಚಿಕಿತ್ಸೆ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಯಾಕೆಂದರೆ ಈ ಬರಹ ಓದಿ ಯಾರೂ ಆಪರೇಷನ್‌ಗೆ ಹೆದರಬಾರದು. ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಬೇರೆ ಕಾಯಿಲೆ ಇರುವವರಿಗೆ ಮಾಡಬಹುದು ಎಂದು 1991ರಿಂದಲೇ ಅಮೆರಿಕದ ನಿಯಮ ಇತ್ತು. 2022ರಲ್ಲಿ ಅಂತರರಾಷ್ಟ್ರೀಯ ಸಂಘಟನೆಗಳು ಅದನ್ನು ಸಡಿಲಿಸಿದವು. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ನಮ್ಮ ಮಿತಿಯನ್ನು ಇನ್ನೂ ಕೆಳಗಿಟ್ಟರು. ಅಕ್ಕ ಯಾವ ಅಳತೆಯಲ್ಲಿ ನೋಡಿದರೂ ಅರ್ಹರೇ.

ಆಪರೇಷನ್ ಆದದ್ದು ಮಂಗಳೂರಿನಲ್ಲಿ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ದೊಡ್ಡ ಚಿಕಿತ್ಸೆ ಅಂದರೆ ನಮ್ಮ ಕಡೆಯವರು ಕುಂಬಳೆ, ಉಪ್ಪಳ ದಾಟಿ ತಲಪಾಡಿ ಮೂಲಕ ಅಲ್ಲಿಗೇ ಹೋಗುವುದು. ಅಲ್ಲಿ ಕನ್ನಡದಲ್ಲಿ, ತುಳುವಿನಲ್ಲಿ ಕಷ್ಟ ಹೇಳಿಕೊಳ್ಳಬಹುದು. ಅಕ್ಕನಿಗೆ ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯ ಮೇಲೆ ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯನ್ನು ಸ್ಟೇಪ್ಲರ್‌ನಿಂದ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಉದ್ದನೆಯ ಕೊಳವೆ. ಸ್ವಲ್ಪ ತಿಂದರೇ ತುಂಬುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಮುಖ್ಯವಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಹಾಗಾಗಿ ಹಸಿವೂ ತಗ್ಗುತ್ತದೆ.

ಇಲ್ಲಿ ಒಂದು ವಿಷಯ ಬಹಳ ಮುಖ್ಯ. ಮನೆಯವರು ಊರಲ್ಲಿ ಯಾರಿಗೂ ನಿಜ ಹೇಳಲಿಲ್ಲ. ಕೇಳಿದವರಿಗೆ ಹರ್ನಿಯಾ ಆಪರೇಷನ್ ಎಂದರು. ಅಕ್ಕನ ಅತ್ತೆಗೂ ಅಷ್ಟೇ ಗೊತ್ತಿದ್ದದ್ದು. ತೂಕ ಇಳಿಸಲು ದುಡ್ಡು ಸುರಿದು ಹೊಟ್ಟೆ ಕೊಯ್ಯಿಸಿಕೊಂಡಳು ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಭಯ. ಅವರ ಭಯ ಸುಳ್ಳಲ್ಲ, ನಮ್ಮ ಊರುಗಳಲ್ಲಿ ಹಾಗೆ ಆಡಿಕೊಳ್ಳುವವರು ಇದ್ದಾರೆ. ದಪ್ಪ ಇರುವವರನ್ನು ಸೋಮಾರಿ, ತಿನ್ನುಬಾಕ ಎಂದು ಬಾಯಿಗೆ ಬಂದಂತೆ ಅನ್ನುವ ನಾವೇ ಇಂಥ ಗುಟ್ಟುಗಳನ್ನು ಹುಟ್ಟಿಸುತ್ತೇವೆ. ಮುಂದೆ ಆದ ಅನಾಹುತದಲ್ಲಿ ಆ ಗುಟ್ಟಿಗೆ ದೊಡ್ಡ ಪಾಲಿದೆ.

ಮೊದಲ ಎರಡು ವಾರ

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಈ ಅವಧಿಯಲ್ಲಿ ಡಾಕ್ಟರುಗಳು ಎರಡು ವಿಷಯಕ್ಕೆ ಹೆದರುತ್ತಾರೆ. ಒಂದು, ಸ್ಟೇಪಲ್ ಹಾಕಿದ ಅಂಚಿನಲ್ಲಿ ಸೋರಿಕೆ. ನಾಡಿ ನಿಮಿಷಕ್ಕೆ 120 ದಾಟಿ ಅಲ್ಲೇ ನಿಂತರೆ, ಜ್ವರ ಬಂದರೆ, ಹೊಟ್ಟೆ ನೋವಿನ ಜೊತೆ ಎಡಭುಜ ನೋಯತೊಡಗಿದರೆ, ಉಸಿರು ಜೋರಾದರೆ ಕಾಯುವಂತಿಲ್ಲ. ಎಷ್ಟೋ ಸಲ ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗೇ ಇರುತ್ತದೆ, ನಾಡಿ ಮಾತ್ರ ಓಡುತ್ತಿರುತ್ತದೆ. ಇನ್ನೊಂದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು. ಅದಕ್ಕೇ ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುತ್ತಾರೆ, ಹೊಕ್ಕುಳ ಪಕ್ಕಕ್ಕೆ ಇಂಜೆಕ್ಷನ್ ಕೊಡುತ್ತಾರೆ.

ಅಕ್ಕನಿಗೆ ಎರಡೂ ಆಗಲಿಲ್ಲ. ಮೂರನೇ ದಿನ ಮನೆಗೆ ಬಂದರು. ಇನ್ಸುಲಿನ್ ಆಗಲೇ ನಿಂತಿತ್ತು, ಸಕ್ಕರೆ ಹತೋಟಿಗೆ ಬಂದಿತ್ತು. ಎರಡು ವಾರ ಬರೀ ದ್ರವ, ಆಮೇಲೆ ಎರಡು ವಾರ ನುಣ್ಣಗೆ ಅರೆದ ಆಹಾರ, ನಂತರ ಮೆತ್ತಗಿನ ಊಟ ಎಂದು ಚೀಟಿ ಬರೆದು ಕೊಟ್ಟಿದ್ದರು. ವಿಟಮಿನ್ ಮಾತ್ರೆಗಳ ಉದ್ದ ಪಟ್ಟಿಯೂ ಇತ್ತು. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ವಾಂತಿ ನಿಲ್ಲದಿದ್ದರೆ ತಕ್ಷಣ ಫೋನ್ ಮಾಡಿ ಎಂದು ಕೊನೆಯ ಪುಟದಲ್ಲಿ ನಂಬರ್ ಸಮೇತ ಬರೆದಿತ್ತು. ಅದನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ.

ಮೂರನೇ ವಾರದಿಂದ ಏಳನೇ ವಾರ

ಅರೆದ ಆಹಾರ ಶುರು ಮಾಡಿದ ಮೇಲೆ ವಾಂತಿ ಶುರುವಾಯಿತು. ಮೊದಲು ದಿನಕ್ಕೆ ಒಂದು ಸಲ. ಆಮೇಲೆ ನುಂಗಿದ ಪ್ರತಿ ಸಲವೂ. ಎದೆಯ ನಡುವೆ ಏನೋ ಸಿಕ್ಕಿಕೊಂಡಂತಾಗಿ, ಬಾಯಲ್ಲಿ ನೊರೆ ತುಂಬಿ, ತಿಂದದ್ದು ಹಾಗೇ ಹೊರಗೆ. ಆಪರೇಷನ್ ಮಾಡಿಸಿಕೊಂಡಿದ್ದ ಪರಿಚಯದ ಒಬ್ಬರನ್ನು ಅಕ್ಕನ ಗಂಡ ಕೇಳಿದರು. "ಅದೆಲ್ಲ ಆಗ್ತದೆ, ನನಗೂ ಆಗಿತ್ತು" ಎಂದರಂತೆ. ಆ ಒಂದು ಮಾತು ನಾಲ್ಕು ವಾರ ತಿಂದುಹಾಕಿತು.

ಅವಸರದಲ್ಲಿ ತಿಂದಾಗ, ಸರಿಯಾಗಿ ಅಗಿಯದೆ ನುಂಗಿದಾಗ, ಒಂದು ಚಮಚ ಜಾಸ್ತಿ ತಿಂದಾಗ ಯಾವಾಗಲೋ ಒಮ್ಮೆ ವಾಂತಿ ಬರುವುದುಂಟು. ಅದು ಬೇರೆ. ದಿನವೂ ಬರುವ, ಎರಡು ಮೂರು ದಿನ ಕಳೆದರೂ ನಿಲ್ಲದ ವಾಂತಿ ಬೇರೆ. ನೀರು ಕೂಡ ಒಳಗೆ ನಿಲ್ಲದಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಹಾಗೆ ನಿಲ್ಲದ ವಾಂತಿ ಆಪರೇಷನ್‌ನ ಭಾಗ ಅಲ್ಲ, ಅದರ ತೊಡಕು. ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ವಿಟಮಿನ್ ಮಾತ್ರೆ ನುಂಗಿದರೆ ಅದೂ ಹೊರಗೆ ಬರುತ್ತಿತ್ತು. ಹಾಗಾಗಿ ಬಿಟ್ಟರು. ಪ್ರೊಟೀನ್ ಪುಡಿಯ ವಾಸನೆಗೇ ಓಕರಿಕೆ. ಹೊಟ್ಟೆಗೆ ಹಗುರ ಎಂದು ಅತ್ತೆ ಬೆಳ್ತಿಗೆ (ಪಾಲಿಶ್ ಮಾಡಿದ ಬಿಳಿ) ಅಕ್ಕಿಯ ಗಂಜಿ ತಿಳಿ ಕೊಟ್ಟರು. ಕೂವೆ (ಅರಾರೂಟ್) ಹಿಟ್ಟಿನ ಸರಿ ಮಾಡಿ ಕೊಟ್ಟರು. ಎಳನೀರು, ಸಕ್ಕರೆ ಹಾಕಿದ ನಿಂಬೆ ನೀರು, ಚಹಾ. ಬಾಯಿ ಕೆಟ್ಟಿದೆ ಎಂದು ಊಟ ಸೇರದಿದ್ದರೂ ಎಲೆ ಅಡಿಕೆ ನಡೆಯುತ್ತಿತ್ತು. ಪ್ರೀತಿಯಿಂದ ಕೊಟ್ಟದ್ದೇ ಎಲ್ಲ. ನಮ್ಮ ಮನೆಗಳಲ್ಲಿ ಹೊಟ್ಟೆ ಕೆಟ್ಟವರಿಗೆ ತಲೆಮಾರುಗಳಿಂದ ಕೊಡುವುದೂ ಇದನ್ನೇ.

ಸುಸ್ತು ಜಾಸ್ತಿಯಾದಾಗ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಅಲ್ಲಿನ ಡಾಕ್ಟರಿಗೂ ಹರ್ನಿಯಾ ಆಪರೇಷನ್ ಎಂದೇ ಹೇಳಿದರು, ಯಾಕೆಂದರೆ ಕಾಯುವ ಬೆಂಚಿನಲ್ಲಿ ಪಕ್ಕದ ಮನೆಯವರೂ ಕೂತಿದ್ದರು. ಡಾಕ್ಟರ್ ಗ್ಯಾಸ್ಟ್ರಿಕ್ ಎಂದು ಭಾವಿಸಿ ಆಸಿಡ್ ಮಾತ್ರೆ, ವಾಂತಿ ಮಾತ್ರೆ ಕೊಟ್ಟು, ಗ್ಲೂಕೋಸ್ ಡ್ರಿಪ್ ಹಾಕಿಸಿದರು. ಅವರಿಗೆ ಗೊತ್ತಿದ್ದ ವಿಷಯಕ್ಕೆ ಆ ಚಿಕಿತ್ಸೆ ಸರಿಯಾಗಿಯೇ ಇತ್ತು. ಡ್ರಿಪ್ ಹಾಕಿದ ಸಂಜೆ ಅಕ್ಕನಿಗೆ ಸ್ವಲ್ಪ ಜೀವ ಬಂದಂತಾಗುತ್ತಿತ್ತು. ಹಾಗಾಗಿ ಮತ್ತೆ ಮತ್ತೆ ಹೋಗಿ ಡ್ರಿಪ್ ಹಾಕಿಸಿಕೊಂಡರು.

ಇಷ್ಟರ ನಡುವೆ 17 ಕೆಜಿ ಇಳಿದಿತ್ತು. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಎಷ್ಟು ಚಂದ ಆಗಿದ್ದೀರಿ ಎಂದು ಹೊಗಳಿದರಂತೆ. ಇಳಿಯುವ ತೂಕವೇ ಎಲ್ಲ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಕಂಡಿತು. ಹಸಿದು ಇಳಿಯುವ ತೂಕಕ್ಕೂ ಆರೋಗ್ಯವಾಗಿ ಇಳಿಯುವ ತೂಕಕ್ಕೂ ತಕ್ಕಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಂಗಡಿಗೆ ಬಂದ ದಿನ

ಅಲ್ಲಿಯವರೆಗೆ ಚೀಟಿ ತಂದು ವಾಂತಿ ಮಾತ್ರೆ ಒಯ್ಯುತ್ತಿದ್ದದ್ದು ಅವರ ಗಂಡ. ಆ ದಿನ ಅಕ್ಕನೂ ಜೊತೆಗೆ ಬಂದಿದ್ದರು. ಆಟೋದಿಂದ ಇಳಿದು ಕಾಲು ಅಗಲಿಸಿ, ಗೋಡೆ ಹಿಡಿದು ನಡೆದರು. ಮಾತ್ರೆಯ ಹಾಳೆ ಕೈಗೆ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ ನೋಡಿದರು. ಯಾಕಕ್ಕ ಎಂದರೆ, ಎರಡೆರಡು ಕಾಣ್ತದೆ, ಒಂದು ಕಣ್ಣು ಮುಚ್ಚಿದರೆ ಸರಿಯಾಗ್ತದೆ ಎಂದರು. ಪಕ್ಕಕ್ಕೆ ನೋಡುವಾಗ ಕಣ್ಣಗುಡ್ಡೆ ಅದುರುತ್ತಿತ್ತು. ದುಡ್ಡು ಕೊಟ್ಟು ಎರಡು ನಿಮಿಷ ಕಳೆದ ಮೇಲೆ, ಮಾತ್ರೆ ಕೊಡಿ ಎಂದು ಮತ್ತೆ ಕೇಳಿದರು. ಮಾತ್ರೆ ಅವರ ಕೈಯಲ್ಲೇ ಇತ್ತು.

ಹರ್ನಿಯಾ ಆಪರೇಷನ್ ಆದವರು ಹೀಗಾಗುವುದಿಲ್ಲ. ಗಂಡನನ್ನು ಒಳಗೆ ಕರೆದು, ಯಾವ ಆಪರೇಷನ್ ಸರಿಯಾಗಿ ಹೇಳಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನಿನಲ್ಲಿದ್ದ ಡಿಸ್ಚಾರ್ಜ್ ಚೀಟಿಯ ಫೋಟೊ ತೋರಿಸಿದರು. ಕೊನೆಯ ಪುಟದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ವಾಂತಿ ಎಷ್ಟು ವಾರದಿಂದ, ಕಣ್ಣು, ನಡಿಗೆ, ನೆನಪು ಎಂದು ಒಂದೊಂದೇ ಹೇಳಿದೆ. ಆ ಕಡೆಯಿಂದ ಬಂದ ಸೂಚನೆ ಸ್ಪಷ್ಟವಾಗಿತ್ತು. ಮಂಗಳೂರಿಗೆ ಹೊರಡಿ, ಆದರೆ ಅದಕ್ಕೂ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಥಯಾಮಿನ್ ಇಂಜೆಕ್ಷನ್ ರಕ್ತನಾಳಕ್ಕೆ ಕೊಡಿಸಿ, ಅದಿಲ್ಲದೆ ಗ್ಲೂಕೋಸ್ ಮಾತ್ರ ಹಾಕಿಸಬೇಡಿ. ತುರ್ತು ವಿಭಾಗದ ಡ್ಯೂಟಿ ಡಾಕ್ಟರ್ ಮಲಯಾಳಿ. ಚೀಟಿ ನೋಡಿ, ಮಂಗಳೂರಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ರಕ್ತದ ಸಕ್ಕರೆ ನೋಡಿ, ಥಯಾಮಿನ್ ಕೊಟ್ಟು, ಗ್ಲೂಕೋಸ್ ಇಲ್ಲದ ನಾರ್ಮಲ್ ಸಲೈನ್ ಹಾಕಿ ಆಂಬುಲೆನ್ಸಿನಲ್ಲಿ ಕಳಿಸಿದರು. ಅವರು ಯಾವ ಪರೀಕ್ಷೆಗೂ ಕಾಯಲಿಲ್ಲ. ಅದು ಎಷ್ಟು ಸರಿಯಾದ ನಿರ್ಧಾರ ಎಂದು ಆಮೇಲೆ ಎಲ್ಲರೂ ಹೇಳಿದರು.

ಒಳಗೆ ಏನು ನಡೆದಿತ್ತು

ಥಯಾಮಿನ್ ಅಂದರೆ ವಿಟಮಿನ್ ಬಿ1. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 1 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ದೇಹದಲ್ಲಿ ಇದರ ದಾಸ್ತಾನು ಬಹಳ ಕಡಿಮೆ, ಎರಡು ಮೂರು ವಾರಕ್ಕೆ ಮುಗಿದುಹೋಗುತ್ತದೆ. ಬಿ12 ಹಾಗಲ್ಲ, ಅದು ವರ್ಷಗಟ್ಟಲೆ ಇರುತ್ತದೆ. ಗ್ಲೂಕೋಸನ್ನು ಶಕ್ತಿಯಾಗಿ ಬದಲಿಸಲು ಬಿ1 ಬೇಕೇ ಬೇಕು. ಮಿದುಳು ನಡೆಯುವುದು ಮುಖ್ಯವಾಗಿ ಗ್ಲೂಕೋಸ್ ಮೇಲೆ. ಬಿ1 ಮುಗಿದಾಗ ಮಿದುಳಿನ ಆಳದ ಕೆಲವು ಭಾಗಗಳು ಮೊದಲು ಸೋಲುತ್ತವೆ. ಕಣ್ಣು ಹೊರಳಿಸುವ, ಸಮತೋಲ ಹಿಡಿಯುವ, ನೆನಪು ಕೂಡಿಸುವ ಭಾಗಗಳು. ಈ ಸ್ಥಿತಿಗೆ ವರ್ನಿಕೆ ಎನ್ಸೆಫಲೋಪತಿ ಎಂದು ಹೆಸರು.

ಈಗ ಆ ಡ್ರಿಪ್ ಏನು ಮಾಡಿತು ನೋಡಿ. ಬಿ1 ತಳ ಕಂಡಿರುವ ದೇಹಕ್ಕೆ ಬರೀ ಗ್ಲೂಕೋಸ್ ಸುರಿದರೆ, ಅದನ್ನು ಸುಡಲು ಉಳಿದ ಚೂರುಪಾರು ಬಿ1 ಕೂಡ ಖರ್ಚಾಗುತ್ತದೆ. ಸಂಜೆಗೆ ಬಂದ ಚೈತನ್ಯದ ಹಿಂದೆ ಕೊರತೆ ಇನ್ನೂ ಆಳವಾಗುತ್ತಿತ್ತು. ಗಂಜಿ ತಿಳಿ, ಕೂವೆ, ಸಕ್ಕರೆ ನೀರು ಮಾಡಿದ್ದೂ ಇದನ್ನೇ, ನಿಧಾನವಾಗಿ. ಎಲ್ಲವೂ ಪಿಷ್ಟ ಅಥವಾ ಸಕ್ಕರೆ, ಬಿ1 ಇಲ್ಲವೆನ್ನುವಷ್ಟು ಕಡಿಮೆ.

ಅಕ್ಕಿಯ ವಿಷಯಕ್ಕೆ ಇಲ್ಲೊಂದು ಮಾತು ಹೇಳಲೇಬೇಕು, ಯಾಕೆಂದರೆ ಈ ವಿಟಮಿನ್ನಿನ ಇತಿಹಾಸವೇ ಅಕ್ಕಿಯದ್ದು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋತುಹೋಗುವುದನ್ನು ಗಮನಿಸಿದರು. ತೌಡು ಕೊಟ್ಟರೆ ಕೋಳಿಗಳು ಸುಧಾರಿಸಿದವು. ಬಿ1 ಕೊರತೆಯಿಂದ ಮನುಷ್ಯರಿಗೆ ಬರುವ ಬೆರಿಬೆರಿ ಕಾಯಿಲೆಯೂ ಅಂಥದ್ದೇ. ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ಬೆಳ್ತಿಗೆಯಲ್ಲಿ ತೌಡಿನ ಜೊತೆ ಬಿ1 ಹೋಗಿಬಿಡುತ್ತದೆ. ಕುಚ್ಚಲಕ್ಕಿ ಹಾಗಲ್ಲ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ವಿಟಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಮಿಲ್ಲಿಗೆ ಹಾಕಿದರೂ ಒಂದಷ್ಟು ಉಳಿಯುತ್ತದೆ. ನಾವು ದಿನಾ ಉಣ್ಣುವ ಕುಚ್ಚಲಕ್ಕಿ ಗಂಜಿಯನ್ನು ಬಿಟ್ಟು, ಕಾಯಿಲೆಯವರಿಗೆ ಹಗುರ ಎಂದು ಬೆಳ್ತಿಗೆಗೆ ಹೋದದ್ದು ಅಕ್ಕನ ಪಾಲಿಗೆ ಉಲ್ಟಾ ಆಯಿತು. ಹಾಗೆಂದು ಇಂಥ ವಾಂತಿಯಲ್ಲಿ ಬರೀ ಕುಚ್ಚಲಕ್ಕಿ ಗಂಜಿ ಕೊಟ್ಟಿದ್ದರೂ ಸಾಕಾಗುತ್ತಿರಲಿಲ್ಲ, ಒಳಗೆ ನಿಲ್ಲಬೇಕಲ್ವಾ.

ಅಡಿಕೆಯದ್ದೂ ಒಂದು ಪಾತ್ರ ಇದೆ. ಅಡಿಕೆ ಮತ್ತು ಚಹಾದಲ್ಲಿರುವ ಒಗರಿನ ಅಂಶಗಳು ಬಿ1ನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಚೆನ್ನಾಗಿ ಉಣ್ಣುವವರಿಗೆ ಇದು ದೊಡ್ಡ ವಿಷಯ ಅಲ್ಲದಿರಬಹುದು. ಏನೂ ಒಳಗೆ ಹೋಗದವರಿಗೆ ಇದೂ ಲೆಕ್ಕಕ್ಕೆ ಬರುತ್ತದೆ. ಅಡಿಕೆ ತೋಟದ ನಡುವೆ ಬದುಕುವ ನಾವು ತಿಳಿದಿರಬೇಕಾದ ಸಂಗತಿ.

ವರ್ನಿಕೆ ಎಂದರೆ ಕುಡುಕರ ಕಾಯಿಲೆ ಎಂಬ ನಂಬಿಕೆ ಇದೆ. ಮನೆಯವರು ಇಂಟರ್ನೆಟ್ಟಿನಲ್ಲಿ ಹುಡುಕಿ ಅದನ್ನೇ ಓದಿ ಗಾಬರಿಯಾಗಿದ್ದರು, ಒಂದು ತೊಟ್ಟು ಕುಡಿಯದ ಹೆಂಗಸಿಗೆ ಇದೇನು ಎಂದು. ಆದರೆ 1881ರಲ್ಲಿ ಕಾರ್ಲ್ ವರ್ನಿಕೆ ಮೊದಲ ಬಾರಿ ವಿವರಿಸಿದ ಮೂವರು ರೋಗಿಗಳಲ್ಲಿ ಒಬ್ಬಳು ಹೊಲಿಗೆ ಕೆಲಸದ ಎಳೆ ಹುಡುಗಿ. ಆಸಿಡ್ ಕುಡಿದು ಜಠರದ ದಾರಿ ಕಿರಿದಾಗಿ, ಬಿಡದೆ ವಾಂತಿ ಮಾಡುತ್ತಿದ್ದವಳು. ಅಕ್ಕನ ಕತೆಗೆ ಅವಳೇ ಹತ್ತಿರ. ಕಾರಣ ಹೆಂಡ ಅಲ್ಲ, ಹಸಿವು.

ಇನ್ನೊಂದು ವಿಷಯ. ಕಣ್ಣು, ನಡಿಗೆ, ಗೊಂದಲ ಈ ಮೂರೂ ಒಟ್ಟಿಗೆ ಕಂಡರೆ ಗುರುತಿಸುವುದು ಸುಲಭ. ಆದರೆ ಮೂರೂ ಒಟ್ಟಿಗೆ ಕಾಣುವುದು ಹೆಚ್ಚುಕಡಿಮೆ ಆರರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಲ್ಲಿ ಒಂದೋ ಎರಡೋ. ಎಂಆರ್‌ಐ ಕೂಡ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ. ರಕ್ತದಲ್ಲಿ ಬಿ1 ಅಳೆಯುವ ಪರೀಕ್ಷೆಯ ವರದಿ ಬರಲು ದಿನಗಳು ಬೇಕು. ಅದಕ್ಕೇ ಅನುಮಾನ ಬಂದ ಕೂಡಲೇ ಕೊಡಬೇಕು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು, ಜೀವವೂ ಹೋಗಬಹುದು.

ಆಸ್ಪತ್ರೆಯಲ್ಲಿ

ಮಂಗಳೂರಿನಲ್ಲಿ ಥಯಾಮಿನ್ ದೊಡ್ಡ ಪ್ರಮಾಣದಲ್ಲಿ ಮುಂದುವರಿಯಿತು. 500 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ, ರಕ್ತನಾಳದ ಮೂಲಕ, ಮೂರು ದಿನ. ಆಮೇಲೆ ದಿನಕ್ಕೆ 250ರಂತೆ ಐದು ದಿನ. ದಿನದ ಅಗತ್ಯಕ್ಕೆ ಹೋಲಿಸಿದರೆ ಮೊದಲ ಮೂರು ದಿನದ ಪ್ರಮಾಣ ಸಾವಿರ ಪಟ್ಟಿಗಿಂತ ಜಾಸ್ತಿ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಕಡಿಮೆ ಇದ್ದವು. ಮೆಗ್ನೀಸಿಯಂ ಇಲ್ಲದೆ ಬಿ1 ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಅದನ್ನೂ ತುಂಬಿಸಿದರು. ಎಂಆರ್‌ಐಯಲ್ಲಿ ಮಿದುಳಿನ ಆಳದಲ್ಲಿ ಎರಡೂ ಬದಿಗೆ ಬದಲಾವಣೆ ಕಂಡಿತು.

ಎರಡನೇ ದಿನಕ್ಕೆ ಕಣ್ಣು ಸುಧಾರಿಸತೊಡಗಿತು. ಗಂಡನ ಮುಖ ಒಂದೇ ಕಂಡಿತು. ಈ ಕಾಯಿಲೆಯಲ್ಲಿ ಕಣ್ಣು ಮೊದಲು ಮರಳುತ್ತದೆ, ಗಂಟೆಗಳಲ್ಲಿ ಅಥವಾ ದಿನಗಳಲ್ಲಿ. ನಡಿಗೆಗೆ ವಾರ, ತಿಂಗಳು ಬೇಕು. ನೆನಪು ಎಲ್ಲಕ್ಕಿಂತ ನಿಧಾನ.

ವಾಂತಿಯ ಕಾರಣ ಎಂಡೋಸ್ಕೋಪಿಯಲ್ಲಿ ಸಿಕ್ಕಿತು. ಕೊಳವೆಯಂತೆ ಉಳಿದಿದ್ದ ಜಠರದ ತಿರುವಿನಲ್ಲಿ ದಾರಿ ಕಿರಿದಾಗಿತ್ತು. ಸ್ಲೀವ್ ಆದವರಲ್ಲಿ ಹೀಗೆ ಆಗುವುದುಂಟು, ಆ ತಿರುವು ಇದಕ್ಕೆ ಹೆಸರಾದ ಜಾಗವೇ. ಎಂಡೋಸ್ಕೋಪಿಯಲ್ಲೇ ಬಲೂನ್ ಇಳಿಸಿ ಊದಿಸಿ ಅಗಲ ಮಾಡಿದರು. ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿದರು. ಮತ್ತೆ ಹೊಟ್ಟೆ ಕೊಯ್ಯಬೇಕಾಗಲಿಲ್ಲ. ಮೂರನೇ ವಾರದಲ್ಲಿ ವಾಂತಿ ಶುರುವಾದಾಗಲೇ ಹೋಗಿದ್ದರೆ ಇಷ್ಟೇ ಸಾಕಿತ್ತು ಎನ್ನುವುದೇ ನನ್ನನ್ನು ಕಾಡುವ ಸಂಗತಿ.

ಹಸಿದವರಿಗೆ ಊಟ ಕೊಡುವುದರಲ್ಲೂ ಅಪಾಯ ಇದೆ. ವಾರಗಟ್ಟಲೆ ಖಾಲಿ ಇದ್ದ ದೇಹಕ್ಕೆ ಒಮ್ಮೆಲೇ ಆಹಾರ ತುಂಬಿಸಿದರೆ ರಕ್ತದ ಪಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಕುಸಿದು ಹೃದಯಕ್ಕೆ ಹೊಡೆತ ಬೀಳಬಹುದು. ಹಾಗಾಗಿ ದಿನಾ ರಕ್ತ ನೋಡುತ್ತ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರು. ಮನೆಯವರಿಗೆ ಇದು ಅರ್ಥ ಆಗುವುದು ಕಷ್ಟವಾಯಿತು. ಇಷ್ಟು ದಿನ ಉಪವಾಸ ಇದ್ದವಳಿಗೆ ಇಷ್ಟೇ ಕೊಡ್ತಾರಲ್ಲ ಎಂದು ಅತ್ತೆ ಅತ್ತರಂತೆ.

ಮನೆಗೆ ಬಂದ ಮೇಲೆ

ಚೇತರಿಕೆ ಆಸ್ಪತ್ರೆಯಲ್ಲಿ ಮುಗಿಯಲಿಲ್ಲ, ಶುರುವಾದದ್ದೇ ಮನೆಯಲ್ಲಿ. ಮೊದಲ ತಿಂಗಳು ವಾಕರ್ ಹಿಡಿದು ಅಂಗಳದಲ್ಲಿ ನಡೆದರು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವ ಅಭ್ಯಾಸ. ಕತ್ತಲಾದರೆ ಬಿದ್ದುಬಿಡುವ ಭಯ, ಯಾಕೆಂದರೆ ಪಾದದ ನರಗಳಿಗೂ ಪೆಟ್ಟಾಗಿತ್ತು, ನೆಲ ಸರಿಯಾಗಿ ತಿಳಿಯುತ್ತಿರಲಿಲ್ಲ. ರಾತ್ರಿ ಪಾದ ಉರಿಯುತ್ತಿತ್ತು. ಬಚ್ಚಲಿಗೆ ಹಿಡಿಕೆ ಹಾಕಿಸಿದರು, ದಾರಿಯಲ್ಲಿ ರಾತ್ರಿ ದೀಪ ಇಟ್ಟರು.

ನೆನಪಿನದ್ದು ಇನ್ನೂ ಕಷ್ಟ. ಕಾಯಿಲೆಯ ಆ ಕೆಲವು ವಾರಗಳು ಅವರಿಗೆ ಪೂರ್ತಿ ಖಾಲಿ. ಅಡುಗೆ ಮಾಡುವಾಗ ಉಪ್ಪು ಹಾಕಿದೆನೋ ಇಲ್ಲವೋ ಎಂದು ಗೊತ್ತಾಗದೆ ಅಳುತ್ತಿದ್ದರು. ಮಗಳು ಒಂದು ಉಪಾಯ ಮಾಡಿದಳು. ಅಡುಗೆಮನೆ ಗೋಡೆಗೆ ಕಪ್ಪು ಹಲಗೆ ತೂಗುಹಾಕಿ, ಮಾಡಿದ ಕೆಲಸಕ್ಕೆ ಅಮ್ಮನೇ ಸರಿ ಗುರುತು ಹಾಕುವಂತೆ ಮಾಡಿದಳು. ಮಾತ್ರೆಗೆ ವಾರದ ಏಳು ದಿನದ ಡಬ್ಬಿ. ಆರು ತಿಂಗಳಲ್ಲಿ ಹಲಗೆ ಬೇಕಾಗದಷ್ಟು ಸುಧಾರಿಸಿದರು. ಪೂರ್ತಿ ಮೊದಲಿನಂತೆ ಆಗಿಲ್ಲ. ಒಂದೇ ಸಲ ಎರಡು ಕೆಲಸ ಬಂದರೆ ಈಗಲೂ ತಡವರಿಸುತ್ತಾರೆ.

ನಾಲ್ಕನೇ ತಿಂಗಳಲ್ಲಿ ಕೂದಲು ಉದುರತೊಡಗಿತು. ಬೇಗ ತೂಕ ಇಳಿದವರಲ್ಲಿ ಮೂರರಿಂದ ಆರು ತಿಂಗಳ ನಡುವೆ ಇದು ಸಾಮಾನ್ಯ, ಪೌಷ್ಟಿಕಾಂಶ ಸರಿಯಾದರೆ ಮತ್ತೆ ಬರುತ್ತದೆ. ಅದಕ್ಕಿಂತ ಮನಸ್ಸು ಕುಗ್ಗಿದ್ದು ಜಾಸ್ತಿ ಚಿಂತೆಯ ವಿಷಯವಾಗಿತ್ತು. ತಪ್ಪು ಮಾಡಿದೆ, ಬೇಡದ್ದಕ್ಕೆ ಕೈ ಹಾಕಿದೆ ಎಂದು ಹೇಳುತ್ತಿದ್ದರು. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದದ್ದು ಒಳ್ಳೆಯದಾಯಿತು. ಆಪರೇಷನ್ ಆದವರಲ್ಲಿ ಮನಸ್ಸಿನ ಆರೈಕೆಯೂ ಚಿಕಿತ್ಸೆಯ ಭಾಗ, ಅದನ್ನು ಮರೆಯುವಂತಿಲ್ಲ.

ಊಟ ಈಗ ಕ್ರಮದಲ್ಲಿದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಗುರಿ. ಬಟ್ಟಲಲ್ಲಿ ಮೊದಲು ಮೊಟ್ಟೆ, ಬೂತಾಯಿ ಮೀನು, ಹುರುಳಿ ಅಥವಾ ಹೆಸರು, ಆಮೇಲೆ ಕುಚ್ಚಲಕ್ಕಿ ಅನ್ನ ಎರಡು ತುತ್ತು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಎಲೆ ಅಡಿಕೆ ಬಿಟ್ಟರು. ಬಿ1, ಬಿ12, ವಿಟಮಿನ್ ಡಿ, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ಒಂದು ಇನ್ನೊಂದನ್ನು ತಡೆಯುತ್ತದೆ, ನಡುವೆ ಎರಡು ಗಂಟೆ ಇರಲಿ. ಮಂಡಿ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನುಂಗುವಂತಿಲ್ಲ. ತೂಕ ಇಳಿಸಲು ಬೈಪಾಸ್ ಮಾದರಿಯ ಆಪರೇಷನ್ (ಜಠರ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವುದು, ಹೃದಯದ್ದಲ್ಲ) ಆದವರಿಗೆ ಇವುಗಳಿಂದ ಜೋಡಣೆಯ ಜಾಗದಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು. ಬೀಡಿ ಸಿಗರೇಟೂ ಅದನ್ನೇ ಮಾಡುತ್ತದೆ. ನನ್ನಂಥ ಅಂಗಡಿಯವರು ಮಾತ್ರೆ ಕೊಡುವ ಮೊದಲು ಆಪರೇಷನ್ ಬಗ್ಗೆ ಕೇಳಬೇಕು, ಅಂಗಡಿಗೆ ಬಂದವರೂ ಮುಚ್ಚಿಡದೆ ಹೇಳಬೇಕು.

ಅಕ್ಕ ಈಗ ಪರ್ಸಿನಲ್ಲಿ ಒಂದು ಕಾರ್ಡ್ ಇಟ್ಟುಕೊಂಡಿದ್ದಾರೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆದಿದೆ. ನಮ್ಮ ಗಡಿಯಲ್ಲಿ ತುರ್ತಿಗೆ ಯಾವ ಭಾಷೆಯ ಡಾಕ್ಟರ್ ಸಿಗುತ್ತಾರೋ ಹೇಳಲಾಗದು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ದಾರಿಯೇ ಇಲ್ಲದಂತಾದದ್ದನ್ನು ಇಲ್ಲಿಯವರು ಮರೆತಿಲ್ಲ. ಕಾರ್ಡಿನಲ್ಲಿ ಆಪರೇಷನ್‌ನ ಹೆಸರು, ತಾರೀಕು, ಸರ್ಜನ್ ನಂಬರ್ ಇವೆ. ವಾಂತಿ, ಗೊಂದಲ, ಓಲಾಟ ಇದ್ದರೆ ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಕೊಡಿ, ಸಕ್ಕರೆ ತೀರಾ ಇಳಿದಿದ್ದರೆ ಗ್ಲೂಕೋಸ್ ತಡ ಮಾಡದೆ ಎರಡನ್ನೂ ಒಟ್ಟಿಗೆ ಕೊಡಿ ಎಂಬ ಸಾಲೂ ಇದೆ. ಈ ಸಾಲನ್ನು ಸರ್ಜನ್ನೇ ಬರೆಸಿದ್ದು.

ತೂಕ ಇಳಿಸುವ ಆಪರೇಷನ್ ಆದ ಬೇರೆಯವರಿಗೆ ಬೇರೆ ತೊಡಕು ಬರಬಹುದು. ಬೇಗ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದು ಸಾಮಾನ್ಯ, ಊಟದ ನಂತರ ಬಲಪಕ್ಕೆ ನೋವು ಬರುತ್ತದೆ. ಬೈಪಾಸ್ ಆದವರಿಗೆ ವರ್ಷಗಳ ನಂತರವೂ ಕರುಳು ಒಳಗೇ ಸಂದಿಯಲ್ಲಿ ಸಿಕ್ಕಿಕೊಂಡು, ಬಿಟ್ಟು ಬಿಟ್ಟು ಹಿಂಡುವ ನೋವು ಬರಬಹುದು. ಅದು ಗ್ಯಾಸ್ ನೋವು ಎಂದು ಕಾಯುವ ನೋವಲ್ಲ, ಕರುಳು ಸಾಯುವ ಮೊದಲು ಆಪರೇಷನ್ ಆಗಬೇಕು. ಸಿಹಿ ತಿಂದ ಮೇಲೆ ಬೆವರಿ ನಡುಗಿ ತಲೆ ತಿರುಗಿದರೆ ಡಂಪಿಂಗ್ (ಆಹಾರ ಕರುಳಿಗೆ ತೀರಾ ಬೇಗ ಇಳಿಯುವುದು) ಇರಬಹುದು, ಊಟದ ಕ್ರಮದಿಂದಲೇ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ. ಮಗು ಬೇಕೆನ್ನುವವರು 12ರಿಂದ 18 ತಿಂಗಳು ಕಾಯಬೇಕು.

ಒಂದು ವರ್ಷಕ್ಕೆ ಅಕ್ಕನ ತೂಕ 72 ಕೆಜಿಗೆ ಬಂದು ನಿಂತಿತು. ಇನ್ಸುಲಿನ್ ಮತ್ತೆ ಬೇಕಾಗಿಲ್ಲ. ರಾತ್ರಿ ಉಸಿರು ಕಟ್ಟುವುದು ನಿಂತಿದೆ. ಮತ್ತೆ ಅವಕಾಶ ಕೊಟ್ಟರೆ ಆಪರೇಷನ್ ಮಾಡಿಸಿಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ, ಹೌದು, ಆದರೆ ಎಲ್ಲರಿಗೂ ಹೇಳಿಯೇ ಮಾಡಿಸಿಕೊಳ್ಳುತ್ತೇನೆ ಎಂದರು. ಊರಲ್ಲಿ ಈಗ ನಿಜ ಎಲ್ಲರಿಗೂ ಗೊತ್ತು. ಕೆಲವರು ಆಡಿಕೊಂಡರು, ಹೆಚ್ಚಿನವರು ಅವರನ್ನೇ ಕರೆದು ವಿಚಾರಿಸಿದರು. ಆ ಕ್ಲಿನಿಕ್ಕಿನ ಡಾಕ್ಟರ್ ಈಗ ಬಿಡದ ವಾಂತಿ ಎಂದು ಬರುವವರನ್ನು ಒಳಗೆ ಒಬ್ಬರನ್ನೇ ಕೂರಿಸಿ, ಬಾಗಿಲು ಮುಚ್ಚಿ ಆಪರೇಷನ್ ಬಗ್ಗೆ ಕೇಳುತ್ತಾರೆ.

ಪಾದದ ಬೆರಳುಗಳಲ್ಲಿ ಜೋಮು ಇನ್ನೂ ಇದೆ. ವರ್ಷದ ರಕ್ತ ಪರೀಕ್ಷೆಯಲ್ಲಿ ಬಿ12 ಸ್ವಲ್ಪ ಕೆಳಗೆ ಬಂದಿತ್ತು, ಮಾತ್ರೆಯ ಬದಲು ಇಂಜೆಕ್ಷನ್ ಶುರು ಮಾಡಿದ್ದಾರೆ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ.